ಚಿರತೆಯ ಬಾಲ

ಓಟದ ಬೂಟಿಗೆ ಒಂದು ಗುರುತು ಬೇಕು, ಅದೂ ಸಂಜೆಯೊಳಗೆ ಬೇಕು ಎಂದು ಯಜಮಾನರು ಬೆಳಿಗ್ಗೆ ಬಾಗಿಲಲ್ಲೇ ಹೇಳಿಬಿಟ್ಟರು. "ಚಿತ್ರ ಒಪ್ಪಿಗೆ ಆಯ್ತೋ, ನಿನ್ನ ಕೆಲಸ ಖಾಯಂ. ಇಲ್ಲಾಂದ್ರೆ ನಿನ್ನ ದಾರಿ ನಿನಗೆ."

ಬೂಟಿನ ಕಾರ್ಖಾನೆಯ ಹಂಗಾಮಿ ಚಿತ್ರಗಾರ, ಎಲ್ಲರ ಬಾಯಲ್ಲಿ ಕುಂಚಣ್ಣ, ವರ್ಷಗಟ್ಟಲೆ ಈ ಮಾತಿಗೇ ಬಾಯಿ ಬಿಟ್ಟುಕೊಂಡು ಕಾದಿದ್ದ. ಖಾಯಂ ಕೆಲಸವಿಲ್ಲದವನಿಗೆ ಮಗಳನ್ನು ಕೊಡೋದಿಲ್ಲ ಎಂದು ಮಾವನಾಗಬೇಕಾದವರು ಪಟ್ಟು ಹಿಡಿದಿದ್ದರು.

ಮಧ್ಯಾಹ್ನದ ಹೊತ್ತಿಗೆ ಕಾಗದದ ಮೇಲೆ ಒಂದು ಚಿರತೆ ನೆಗೆಯಿತು. ಎಂಥ ಚಿರತೆ! ಮೀಸೆ, ಹಲ್ಲು, ಮೈತುಂಬ ಚುಕ್ಕೆ. ಬರೆದವನೇ ಒಂದು ಹೆಜ್ಜೆ ಹಿಂದೆ ಸರಿದ.

ಹೊಲಿಗೆ ಮೇಸ್ತ್ರಿ ಹೆಗಲ ಮೇಲಿಂದ ಇಣುಕಿದ. "ಅಲ್ಲ ಕಣಯ್ಯ, ಇಷ್ಟು ಚುಕ್ಕೆನ ಬೂಟಿನ ಮೇಲೆ ಹೊಲಿಯೋರ್ಯಾರು? ನಿಮ್ಮ ತಾತಾನಾ?"

ಚುಕ್ಕೆ ಹೋಯಿತು.

ಲೆಕ್ಕದವರು ಕನ್ನಡಕ ಏರಿಸಿದರು. "ಇದಕ್ಕೆ ನಾಲ್ಕು ಕಾಲಾ? ಬೂಟು ಕೊಳ್ಳೋನಿಗೆ ಇರೋದೇ ಎರಡು. ಅವನ ಮನಸ್ಸು ನೋಯಲ್ವಾ?"

ಯಾರ ಮನಸ್ಸನ್ನೂ ನೋಯಿಸಬಾರದೆಂದು ಕುಂಚಣ್ಣ ಎರಡು ಕಾಲು ಅಳಿಸಿದ. ಉಳಿದೆರಡರ ಮೇಲೆ ಚಿರತೆ ಬಸ್ಸಿಗೆ ಕಾಯುತ್ತಿರುವಂತೆ ಕಂಡಿತು. ಅವನ್ನೂ ಅಳಿಸಿದ.

ಪ್ಯಾಕಿಂಗ್ ನೋಡಿಕೊಳ್ಳುವ ಯಜಮಾನರ ಅಕ್ಕ ಬಂದು ಕೆನ್ನೆಗೆ ಕೈ ಹಚ್ಚಿದರು. "ಅಯ್ಯೋ, ಹಲ್ಲು ಕಿರಿಯೋದು ನೋಡು, ಥೇಟ್ ನನ್ನ ತಮ್ಮನೇ! ಅವನು ನೋಡಿದ್ರೆ ಸುಮ್ನಿರ್ತಾನಾ?"

ಕುಂಚಣ್ಣ ಗಡಬಡಿಸಿ ರಬ್ಬರ್ ಎತ್ತಿಕೊಂಡ. ತಲೆ ತೆಗೆದ. ತಲೆಯಿಲ್ಲದ ಮೈ ದಿಂಬಿನ ಹಾಗಿದೆ ಎಂದು ಕಾವಲುಗಾರ ಕಿಸಕ್ಕನೆ ನಕ್ಕ, ಮೈಯೂ ಹೋಯಿತು.

ಯಜಮಾನರ ಕಾರಿನ ಸದ್ದು ಕೇಳಿದಾಗ ಕಾಗದದಲ್ಲಿ ಉಳಿದದ್ದು ಬಾಲ ಒಂದೇ. ಸಲಹೆ ಕೊಟ್ಟವರೆಲ್ಲ ಏನೂ ಅರಿಯದವರಂತೆ ತಲೆ ಬಗ್ಗಿಸಿ ಕೆಲಸದಲ್ಲಿ ಮುಳುಗಿದ್ದರು.

"ಇದೇನಯ್ಯ?"

"ಚಿ... ಚಿರತೆ, ಸಾರ್."

"ಚಿರತೆ ಎಲ್ಲಿ?"

ಕುಂಚಣ್ಣನಿಗೆ ಅಳುವೇ ಬಂತು. ಬಾಯಿಗೆ ಬಂದದ್ದನ್ನು ಹೇಳಿದ. "ಓಡಿಹೋಯ್ತು, ಸಾರ್. ಬಾಲ ಮಾತ್ರ ಕಣ್ಣಿಗೆ ಸಿಕ್ತು."

ಯಜಮಾನರು ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಭಲೇ! ಏನು ವೇಗ! ಇದೇ ಕಣಯ್ಯ ನಮ್ಮ ಗುರುತು!"

ಚಪ್ಪಾಳೆ ಬಿತ್ತು. ಐಡಿಯಾ ತನ್ನದೇ ಎಂದು ಮೇಸ್ತ್ರಿ ಪಕ್ಕದವನ ಕಿವಿಯಲ್ಲಿ ಹೇಳಿದ. ಮದುವೆಗೆ ಇವರಲ್ಲಿ ಯಾರನ್ನು ಕರೆಯಬಾರದು ಎಂದು ಕುಂಚಣ್ಣ ಮನಸ್ಸಿನಲ್ಲೇ ಯೋಚಿಸತೊಡಗಿದ.

ಅಷ್ಟರಲ್ಲಿ ಯಜಮಾನರು ಖುಷಿಗೆ ಜೇಬಿನಿಂದ ಪೆನ್ನು ತೆಗೆದು ಪಕ್ಕದಲ್ಲೇ ಒಂದು ಗೆರೆ ಎಳೆದರು. ಸರ್ರನೆ ಬಾಲ ಬಂತು. ಇನ್ನೊಂದು ಎಳೆದರು. ಅದು ಕುಂಚಣ್ಣನದಕ್ಕಿಂತ ಚೆನ್ನಾಗಿತ್ತು.

"ಅರೆ, ಇದು ನನಗೇ ಬರುತ್ತಲ್ಲಯ್ಯ!"

"ಸಾರ್, ನನ್ನ ಖಾಯಂ ವಿಷಯ..."

"ಮಾಡೋಣ ಅಂತಲೇ ಇದ್ದೆ. ಆದ್ರೆ ಇನ್ನು ಚಿತ್ರಗಾರನಿಗೆ ಇಲ್ಲೇನು ಕೆಲಸ? ನೀನೇ ಹೇಳು."

ಕುಂಚಣ್ಣ ಮೇಸ್ತ್ರಿಯತ್ತ ನೋಡಿದ, ಲೆಕ್ಕದವರತ್ತ ನೋಡಿದ, ಅಕ್ಕನತ್ತ ನೋಡಿದ. ಇಡೀ ದಿನದಲ್ಲಿ ಅದೇ ಮೊದಲ ಸಲ, ಅವರಲ್ಲಿ ಯಾರ ಬಳಿಯೂ ಒಂದು ಸಲಹೆ ಇರಲಿಲ್ಲ.