ನಬಿಲಾಲರ ಲಿಂಬೆ ಯಂತ್ರದ ರಾಷ್ಟ್ರೀಯತೆ

ಜಾಗತಿಕ ತಾಂತ್ರಿಕ ಪೈಪೋಟಿಯಲ್ಲಿ ದೇಶವು ಹಿಂದೆ ಬೀಳಬಾರದೆಂದು ಇಂಡಿ ಪಟ್ಟಣದಲ್ಲಿ ಪೇಟೆಂಟ್ ಸಂರಕ್ಷಣಾ ಕೋಶವನ್ನು ತೆರೆಯಲಾಗಿದೆ. ಅಧಿಕಾರಿ ಬೀರಣ್ಣನವರು.

ಕೋಶದ ಮೊದಲ ಪ್ರಕರಣ ವೆಲ್ಡಿಂಗ್ ಅಂಗಡಿಯ ನಬಿಲಾಲರದು. ಲಿಂಬೆಹಣ್ಣನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಯಂತ್ರವನ್ನು ಅವರು ಒಂಬತ್ತು ವರ್ಷಗಳಿಂದ ತಯಾರಿಸುತ್ತಿದ್ದರು. ಬೇಕಾದವರು ದಾರ ತಂದು ಯಂತ್ರದ ಅಳತೆ ತೆಗೆದುಕೊಂಡು ಹೋಗಿ ತಾವೂ ಮಾಡಿಕೊಳ್ಳುವುದು ಈ ಕಡೆಯ ರೂಢಿ. ಸಿಂದಗಿಯವರು, ಮುದ್ದೇಬಿಹಾಳದವರು ಹಾಗೇ ಒಯ್ದಿದ್ದರು. ಒಮ್ಮೆ ವಿದೇಶಿ ಕಂಪನಿಯವರೂ ಬಂದರು. ಅವರ ಬಳಿ ದಾರವಿರಲಿಲ್ಲ. ನಬಿಲಾಲರೇ ದಾರ ಕೊಟ್ಟು, ಒಂದು ತುದಿ ಹಿಡಿದು ನಿಂತು, ಚಹಾ ಕುಡಿಸಿ ಕಳಿಸಿದರು.

ಎರಡು ವರ್ಷದಲ್ಲಿ ಯಂತ್ರದ ಪೇಟೆಂಟ್ ಆ ಕಂಪನಿಗೆ ಸಿಕ್ಕಿತು. ನಕಲು ನಿಲ್ಲಿಸಬೇಕೆಂದು ನಬಿಲಾಲರಿಗೆ ನೋಟಿಸು ಬಂತು. ಮೋರಟಗಿ ಊರಿನವರಿಗೆ ಮಾಡಿಕೊಡಲು ಒಪ್ಪಿಕೊಂಡ ಏಳು ಯಂತ್ರಗಳು ಅರ್ಧಕ್ಕೆ ನಿಂತವು. ನಬಿಲಾಲರಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕೋಶಕ್ಕೆ ಓಡಿದರು.

“ಸಾಹೇಬ್ರ, ಇದು ನಂದರಿ.”

“ದಾಖಲೆ ಐತೇನ್ರಿ?” ಎಂದರು ಬೀರಣ್ಣನವರು.

“ಯಂತ್ರನ ಐತಲ್ರಿ. ಹೊರಗ ಟೇಂಪೋದಾಗ ತಂದೇನಿ.”

“ಅದು ಫೈಲಿನ್ಯಾಗ ಹಿಡಿಸಂಗಿಲ್ರಿ.”

ಅಷ್ಟರಲ್ಲಿ ಉಕ್ಕಿನ ಸುಂಕದ ವಿಷಯಕ್ಕೆ ನಮ್ಮ ದೇಶಕ್ಕೂ ಕಂಪನಿಯ ದೇಶಕ್ಕೂ ಮುನಿಸು ಬಂತು. ಆ ದೇಶದ ತಂತ್ರಜ್ಞಾನವನ್ನು ನಿಷೇಧಿಸಲಾಯಿತು. ಕಾನೂನಿನ ಪ್ರಕಾರ ನಬಿಲಾಲರ ಯಂತ್ರವೂ ಆ ದೇಶದ್ದೇ ಆದ್ದರಿಂದ ಅಂಗಡಿಗೆ ಬೀಗ ಬಿತ್ತು. ಬಸವನ ಬಾಗೇವಾಡಿಯಿಂದ ಜೀಪಿನಲ್ಲಿ ಬಂದ ಸ್ವದೇಶಿ ವೇದಿಕೆಯವರು ಯಂತ್ರಕ್ಕೆ ಧಿಕ್ಕಾರ ಕೂಗಿದರು. ಗಂಟಲು ಒಣಗಿದವರಿಗೆ ನಬಿಲಾಲರು ನೀರು ಕೊಟ್ಟರು.

ಆರು ತಿಂಗಳಿಗೆ ಮುನಿಸು ಹೋಗಿ ಒಪ್ಪಂದವಾಯಿತು. ಯಂತ್ರವನ್ನು ವಿದೇಶದಿಂದ ತರಿಸಬಹುದು, ಇಲ್ಲಿ ತಯಾರಿಸುವಂತಿಲ್ಲ. ಆದರೆ ಕಂಪನಿಯಲ್ಲಿ ನಲವತ್ತು ಮಂದಿ ವಕೀಲರಿದ್ದರು, ವೆಲ್ಡರ್ ಒಬ್ಬರೂ ಇರಲಿಲ್ಲ. ಅದೇ ಅಂಗಡಿಯಲ್ಲಿ ಯಂತ್ರ ಮಾಡಲು ಕಂಪನಿಯು ನಬಿಲಾಲರನ್ನೇ ನೇಮಿಸಿಕೊಂಡಿತು. ಒಪ್ಪಂದವನ್ನು ಮೂರು ಸಲ ಓದಿದ ಬೀರಣ್ಣನವರು ಆದೇಶ ಹೊರಡಿಸಿದರು:

‘ಸದರಿ ಅಂಗಡಿಯನ್ನು ಇನ್ನು ಮುಂದೆ ವಿದೇಶವೆಂದು ಪರಿಗಣಿಸತಕ್ಕದ್ದು. ರಸ್ತೆಯ ನಡುಮಧ್ಯವೇ ಗಡಿ. ಆಡು, ಎಮ್ಮೆಗಳಿಗೆ ವಿನಾಯಿತಿ ಇದೆ.’

ಮೋರಟಗಿಯವರು ಏಳೂ ಯಂತ್ರಗಳನ್ನು ಆಮದು ಮಾಡಿಕೊಂಡರು. ಫಾರಿನ್ ಮಾಲಿನ ಗಟ್ಟಿತನವೇ ಬೇರೆ ಎಂದು ಹೊಗಳಿದರು.

ನಬಿಲಾಲರ ಮನೆ ರಸ್ತೆಯ ಈಚೆಗಿದೆ. ಊಟಕ್ಕೆ ಅವರಿಗೆ ಒಂದು ತಾಸಿನ ವೀಸಾ ಉಂಟು. ಮೊನ್ನೆ ಅವರ ಹೆಂಡತಿ ಶಮಶಾದಬಿ ಗಡಿಯವರೆಗೆ ಬಂದು, ಅಲ್ಲಿ ಕಾವಲಿದ್ದ ಬೀರಣ್ಣನವರ ಮುಂದೆ ನಿಂತರು.

“ಸಾಹೇಬ್ರ, ಇವತ್ತ ಬೀಗರು ಬಂದಾರ. ನಮ್ಮ ಮನಿಯವರು ಎರಡ ತಾಸ ದೇಶದಾಗ ಇರ್ಲೇನ್ರಿ?”

“ಅರ್ಜಿ ಬೇಕಾಗ್ತದ ಅಕ್ಕಾರ.”

“ತಂದೇನ್ರಿ,” ಎಂದು ಶಮಶಾದಬಿ ಮೂರು ಪ್ರತಿ ಚಾಚಿದರು.