ತಾಜುದ್ದೀನನ ಹಲ್ಲುಕಡ್ಡಿ

"ಈ ರಮಜಾನದಾಗ ನನ್ನ ಬಾಯಿ ಮುಂದ ಯಾವನಾದ್ರೂ ಮೂಗು ಮುಚ್ಚಿಕೊಂಡ್ರ, ನಾ ತಾಜುದ್ದೀನನೇ ಅಲ್ಲ!"

ದಾಂಡೇಲಿಯ ಕಟ್ಟಿಗೆ ಡಿಪೋದ ಗುಮಾಸ್ತ ಹೀಗೆ ಗುಡುಗಿದ್ದು ಎರಡನೆಯ ಮಹಾಯುದ್ಧದ ಮೂರನೆಯ ವರ್ಷ, ಒಂದು ಮುಂಜಾನೆ. ಗುಡುಗಿಗೆ ಕಾರಣವಿತ್ತು. ಹಿಂದಿನ ರಮಜಾನಿನಲ್ಲಿ ಮಗಳು ದಿಲಶಾದಳ ಮದುವೆಯ ಮಾತುಕತೆಗೆ ಬಂದಿದ್ದ ಸನವಳ್ಳಿಯವರು, ಇವನು ಬಾಯಿ ತೆರೆದಷ್ಟೂ ಹಿಂದೆ ಸರಿಯುತ್ತ, ಹೊಸ್ತಿಲು ದಾಟಿ, ಅಂಗಳ ದಾಟಿ, ಸನವಳ್ಳಿಯನ್ನೇ ಸೇರಿಬಿಟ್ಟಿದ್ದರು. ಇಂದು ಮಧ್ಯಾಹ್ನ ಹಳಿಯಾಳದ ಜವಳಿ ವ್ಯಾಪಾರಿ ಶಮಶುದ್ದೀನರು ಬರುವವರಿದ್ದರು. ವರನ ತಂದೆ, ಒಂದೂ ನಮಾಜು ತಪ್ಪಿಸದ ಮನುಷ್ಯ. ಈ ಸಂಬಂಧವೂ ತಪ್ಪಿದರೆ?

ಹೆಂಡತಿ ಜಾಹೀದಾ ನಕ್ಕಳು. "ರೋಜಾ ಉಪವಾಸ ಹಿಡದವರ ಬಾಯಿ ವಾಸನಿ ಅಲ್ಲಾನಿಗೆ ಕಸ್ತೂರಿಗಿಂತ ಚಲೋ ಅಂತಾರಲ್ರೀ."

"ಅಲ್ಲಾನಿಗೆ ಕಸ್ತೂರಿ, ಖರೆ. ಬೀಗರಿಗೆ?"

"ಹಂಗಾದ್ರ ಹಲ್ಲು ತಿಕ್ಕೋರಿ. ಆದ್ರ ಬೇವಿನ ಕಡ್ಡಿ ನಿನ್ನೆನ ಮುಗದಾವು."

"ಇಷ್ಟು ದೊಡ್ಡ ಅಡವ್ಯಾಗ ಕುಂತು ಕಡ್ಡಿಗೆ ಬರ ಏನ?"

ಬರವಿರಲಿಲ್ಲ. ಆದರೆ ತಾಜುದ್ದೀನ ಬಲ್ಲದ್ದು ತೊಗಟೆ ಸುಲಿದು, ನಂಬರು ಹೊಡೆಸಿಕೊಂಡು ಮಲಗಿದ ಮರಗಳನ್ನು ಮಾತ್ರ. ಎಲೆ ಹೊತ್ತು ನಿಂತ ಮರದ ಹೆಸರು ಅವನಿಗೆ ತಿಳಿಯದು. ಡಿಪೋದ ಹಿಂದೆ ಅಂದೇ ಕಡಿದು ಬಿದ್ದಿದ್ದ ಕೊಂಬೆಯಿಂದ ಒಂದು ಕಡ್ಡಿ ಮುರಿದು, ರಸ ಗಂಟಲಿಗಿಳಿಯದಂತೆ ಜಾಗರೂಕನಾಗಿ ಜಗಿದ. ಒಗರು! ಒಗರಾದರೆ ಗುಣ ಜಾಸ್ತಿ ಎಂದುಕೊಂಡು ಕೆಮ್ಮಣ್ಣಿಗೆ ಉಗುಳಿದ. ಕೆಂಪು ಕೆಂಪಿನಲ್ಲಿ ಕರಗಿತು.

ನೀರಿಗೆ ಹೊರಟಿದ್ದ ನೆರೆಮನೆಯ ಚಾಂದಬಿ ಎದುರಾದಳು. ತಾಜುದ್ದೀನ ನಗೆ ಬೀರಿದ. "ತೌಬಾ ತೌಬಾ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ಓಡಿದಳು.

ಹತ್ತು ಮಾರು ದೂರಕ್ಕೂ ನಾತ ಬಡಿಯಿತೇ! ತಾಜುದ್ದೀನ ಇನ್ನೊಂದು ಕಡ್ಡಿ ಮುರಿದ.

ಡಿಪೋದ ಲಾರಿ ಓಡಿಸುವ ಮನ್ಸೂರ ಬಂದವನು ಅವನ ಬಾಯನ್ನೇ ದಿಟ್ಟಿಸಿದ. "ಭಾಯಿ, ಮೈಯಾಗ ಆರಾಮ ಇಲ್ಲೇನು?"

"ಗಟ್ಟಿ ಅದೇನಿ."

"ಗಟ್ಟಿ ಇದ್ದೂ ಹಿಂಗ? ಬಿಡ್ರಿ. ಅದು ನಿಮಗೂ ಅಲ್ಲಾನಿಗೂ ಬಿಟ್ಟ ಮಾತು."

ಬಾಯಿ ನಾರುವುದು ತನಗೂ ದೇವರಿಗೂ ನಡುವಿನ ಮಾತು ಹೇಗಾಯಿತು? ತಾಜುದ್ದೀನನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದಕ್ಕೆ ಮೂರನೆಯ ಕಡ್ಡಿ!

ಅಷ್ಟರಲ್ಲಿ ಶಮಶುದ್ದೀನರು ಬಂದೇಬಿಟ್ಟರು. ತಾಜುದ್ದೀನ ಅವರನ್ನು ಮನೆಗೆ ಕರೆದೊಯ್ದು, ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ತನ್ನ ಸಾಧನೆಯೆಲ್ಲ ಕಾಣುವಂತೆ ಬಾಯಿ ತೆರೆದ. "ಬರ್ರಿ, ಬರ್ರಿ! ಹಾದಿ ಹೆಂಗಿತ್ರಿ?"

ಶಮಶುದ್ದೀನರ ಮುಖ ಗಂಟಿಕ್ಕಿತು. "ರೋಜಾ ಹಿಡದೀರೇನು?"

"ಒಂದೂ ಬಿಟ್ಟಿಲ್ಲರಿ! ಮುಂಜಾನಿಂದ ಹನಿ ನೀರು ಸೈತ ಮುಟ್ಟಿಲ್ಲ."

"ನೀರು ಯಾಕ ಬೇಕು, ಎಲಿ-ಅಡಿಕಿ ಇದ್ದ ಮ್ಯಾಲ?" ಅವರು ಎದ್ದು ನಿಂತರು. "ನಾ ಹೋಗ್ತೇನಿ. ನಿಮ್ಮ ಮನಿ ರಮಜಾನ ಕಂಡೆ."

ಎಲೆ? ಅಡಿಕೆ? ತಾಜುದ್ದೀನ ಕಣ್ಣುಕಣ್ಣು ಬಿಟ್ಟ. ಪರದೆಯ ಹಿಂದಿನಿಂದ ಕನ್ನಡಿ ಹಿಡಿದ ಕೈಯೊಂದು ಹೊರಬಂತು. "ಯಾರ ಮನ್ಯಾಗ ವೀಳ್ಯ ಜಡದ್ರಿ? ನಿಮ್ಮ ಮಾರಿ ನೀವ ನೋಡ್ಕೋರಿ!" ಜಾಹೀದಾ ಗದರಿದಳು.

ಕನ್ನಡಿಯೊಳಗೆ, ಮದುವೆ ಊಟ ಮುಗಿಸಿ ಬಂದ ನವಾಬನೊಬ್ಬ ಕೂತಿದ್ದ! ತುಟಿ ಕೆಂಪು, ಹಲ್ಲು ಕೆಂಪು, ಗಡ್ಡದಂಚೂ ಕೆಂಪು.

"ಅಲ್ಲಾನಾಣೆ, ಈ ಕಡ್ಡಿ ಬಿಟ್ಟು ಏನೂ ಕಂಡಿಲ್ಲರಿ!"

ಬಾಗಿಲಲ್ಲಿ ಸೌದೆ ಇಳಿಸುತ್ತಿದ್ದ ರೂಪ್ಲಪ್ಪ ಇಣುಕಿದ. ಮರ ಕಡಿಯುವುದೇ ಅವನ ಕಸುಬು. "ಸಾಹೇಬ್ರ, ಅದು ಹೊನ್ನಿ ಮರದ ಕಡ್ಡಿ! ಕೊಡ್ಲಿ ಬಿದ್ರ ನೆತ್ತರ ಸೋರಿದಂಗ ಸೋರತೈತಿ. ಅದನ್ನ ಹಲ್ಲಿಗೆ ಹಚ್ಚೂದ?"

ಶಮಶುದ್ದೀನರು ಕೇಳಿದ್ದನ್ನು ಹಾಗೇ ನಂಬುವವರಲ್ಲ. ಬಟ್ಟೆ ಕೊಳ್ಳುವಾಗ ನೂಲು ಎಳೆದು ನೋಡುವ ಕೈ ಅವರದು. ಕಡ್ಡಿ ಇಸಿದುಕೊಂಡು ತಾವೇ ಕಚ್ಚಿ, ತಿಕ್ಕಿ, ಉಗುಳಿದರು. ಕನ್ನಡಿ ಕೇಳಿ ನೋಡಿದರು. ಹಳಿಯಾಳಕ್ಕೂ ಒಬ್ಬ ನವಾಬ ದೊರಕಿದ್ದ!

ಈ ಬಾಯಿ ಹೊತ್ತು ಹಗಲಲ್ಲಿ ಬೀದಿಗಿಳಿಯುವುದುಂಟೇ? ಇಬ್ಬರೂ ಕದವಿಕ್ಕಿಕೊಂಡು ಸೂರ್ಯ ಮುಳುಗುವ ತನಕ ಕೂತರು. ಬೇರೆ ಕೆಲಸವಿಲ್ಲದೆ ಮದುವೆಯ ಮಾತು ಮುಗಿಸಿದರು. ದಿಲಶಾದಳ ನಿಕಾಹು ಗಟ್ಟಿಯಾಯಿತು.

ಖರ್ಜೂರ ಬಾಯಿಗಿಟ್ಟ ಮೇಲೆ ತಾಜುದ್ದೀನನಿಗೆ ತಡೆಯಲಾಗಲಿಲ್ಲ. ಪಿಸುದನಿಯಲ್ಲಿ ಕೇಳಿದ: "ಬೀಗರ, ಖರೆ ಹೇಳ್ರಿ. ಇಷ್ಟು ಹೊತ್ತು ಮಗ್ಗಲದಾಗ ಕುಂತಿದ್ರಿ. ನನ್ನ ಬಾಯಿ ವಾಸನಿ ಹೆಂಗಿತ್ತು?"

ಶಮಶುದ್ದೀನರು ಖರ್ಜೂರದ ಬೀಜ ತೆಗೆದು ಬದಿಗಿಟ್ಟರು.

"ನನಗೇನ ಗೊತ್ತ್ರಿ? ದೊಡ್ಡ ಜ್ವರ ಬಂದು ಹೋದಾಗಿಂದ, ಹನ್ನೆರಡು ವರ್ಷ ಆತು, ಈ ಮೂಗಿಗೆ ಯಾವ ವಾಸನಿನೂ ಹತ್ತಂಗಿಲ್ಲ."