ಅಂಗಳಕ್ಕೆ ಎರಡು ಟ್ರ್ಯಾಕ್ಟರ್ ಜಲ್ಲಿ

ನಮ್ಮ ಅಂಗಳಕ್ಕೆ ಎಷ್ಟು ಜಲ್ಲಿ ಬೇಕೆಂದು ಹೇಳಲು ಇಂಜಿನಿಯರ್ ಬರಬೇಕೆ? ನಾನು ಬದುಕಿದ್ದೇನಲ್ಲ! ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು, ನಿಜ. ಆದರೆ ಕೊಟ್ಟೂರಿನ ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆಯಿದ್ದರೂ ಅಕ್ಕಿ ಎಷ್ಟು, ಬೇಳೆ ಎಷ್ಟು ಎಂದು ಹೇಳುವವಳು ನಾನೇ. ಅನ್ನದ ಲೆಕ್ಕ ಬಂದವಳಿಗೆ ಕಲ್ಲಿನ ಲೆಕ್ಕ ಯಾವ ಮಹಾ!

ಮೊಮ್ಮಗಳು ಅರ್ಚನಾಳನ್ನು ನೋಡಲು ಹಡಗಲಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ನಮ್ಮ ಅಂಗಳವೋ ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಸಾಕು, ಬಂದವರ ಚಪ್ಪಲಿ ಇಟ್ಟುಕೊಂಡು ಬರಿಗಾಲನ್ನು ವಾಪಸ್ ಕೊಡುತ್ತದೆ! ಹುಡುಗನ ಅಜ್ಜಿ ನಾಗಲಿಂಗಮ್ಮ ಬಲು ಚೊಕ್ಕಟದ ಹೆಂಗಸಂತೆ, ಹಿಂದೊಮ್ಮೆ ಒಬ್ಬರ ಹೊಸ್ತಿಲಿನಿಂದಲೇ ತಿರುಗಿ ಹೋಗಿದ್ದಳಂತೆ. ಇದೆಲ್ಲ ನನ್ನ ಕಿವಿಗೆ ಬಿದ್ದಿತ್ತು. ಅರ್ಚನಾ ಹುಡುಗನ ಫೋಟೊವನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು. ಅಂಥ ಸಂಬಂಧ ಕೆಸರಿಗಾಗಿ ಕೈತಪ್ಪಬೇಕೆ?

ಸೊಸೆ ಪುಷ್ಪಲತಾ ಫೋನಿನಲ್ಲಿ ಚಿತ್ರ ತೋರಿಸಿದಳು. ಅಂಗಳದ ತುಂಬ ಜಲ್ಲಿ, ನಡುವೆ ಹಾಸುಗಲ್ಲು, ಅಂಚಿಗೆ ಹೂಗಿಡ.

"ಹಿಂಗ ಮಾಡ್ಸೋಣ್ರಿ ಅತ್ತಿ. ಜಲ್ಲಿ ಎಷ್ಟ್ ಬೇಕಾಗ್ತೈತೋ, ಯಾರನ್ನರ ಕೇಳಬೇಕು."

"ಯಾರನ್ನ ಕೇಳ್ತಿ? ನಾನೇನ್ ಸತ್ತೀನೇನು?"

ಅಂಗಳಕ್ಕಿಳಿದು ಚಾಪೆ ಹಾಸಿದೆ. ಅಷ್ಟಗಲದ ನೆಲಕ್ಕೆ ನಾಲ್ಕು ಬೆರಳು ದಪ್ಪ ಜಲ್ಲಿ ಹಾಕಲು ಎಷ್ಟು ಬುಟ್ಟಿ ಬೇಕೆಂದು ಪಕ್ಕದ ಮನೆಯವರ ರಾಶಿಯಿಂದ ತಂದು ಸುರಿದು ನೋಡಿದೆ. ಆಮೇಲೆ ಚಾಪೆಯನ್ನು ಮಗುಚುತ್ತ ಮಗುಚುತ್ತ ಇಡೀ ಅಂಗಳ ಅಳೆದೆ. ಕಟ್ಟೆಯ ಮೇಲೆ ಕೂತಿದ್ದ ನಮ್ಮ ಯಜಮಾನರು ಗುರುಸಂಗಪ್ಪನವರು ಸುಮ್ಮನಿರುವ ಜಾತಿಯಲ್ಲ.

"ನೋಡಲೇ ಅರ್ಚನಾ, ನಿಮ್ಮಜ್ಜಿ ಪಂಕ್ತಿ ಹಾಕಾಕತ್ತಾಳ. ಜಲ್ಲಿ ಬಂದು ಊಟಕ್ಕ ಕುಂದರ್ತೈತಿ!"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಟ್ರ್ಯಾಕ್ಟರ್ ಹುಲುಗಣ್ಣನಿಂದ ಒಂದು ಟ್ರೇಲರಿಗೆ ಎಷ್ಟು ಬುಟ್ಟಿ ಹಿಡಿಯುತ್ತದೆಂದು ಕೇಳಿ ತಿಳಿದು, ಬೆರಳು ಮಡಚಿ ಬಿಚ್ಚಿ, ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟೆ:

"ಎರಡು ಟ್ರ್ಯಾಕ್ಟರ್! ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಲ್ಲು ಕಡಿಮಿಲ್ಲ!"

ಲೆಕ್ಕ ಸರಿಯಾಗಿಯೇ ಇತ್ತು. ಕೆಟ್ಟದ್ದು ನಮ್ಮ ಮನೆತನದ ರೂಢಿಯಿಂದ. ಗಡಿಗೆಗೆ ಅಕ್ಕಿ ಹಾಕಿದ ಮೇಲೆ, ಕರೆಯದೆ ಬರುವವರ ಪಾಲಿಗೆಂದು ಇನ್ನೊಂದು ಹಿಡಿ ಹಾಕದೆ ನಮ್ಮವರ ಕೈ ಸುಮ್ಮನಾಗುವುದಿಲ್ಲ. ಮೆಲ್ಲಗೆ ಹಿತ್ತಲಿಗೆ ಹೋಗಿ ಹುಲುಗಣ್ಣನಿಗೆ ಫೋನ್ ಹಚ್ಚಿದೆ.

"ತಮ್ಮಾ, ಇನ್ನೊಂದು ಹೆಚ್ಚಿಗಿ ತಂದ್ಬಿಡು. ಮನ್ಯಾಗ ಯಾರಿಗೂ ಹೇಳಬ್ಯಾಡ."

"ಆತು ಬಿಡಬೇ ಯವ್ವಾ," ಎಂದ. ಯಾಕೋ ಕಿಸಕ್ಕನೆ ನಕ್ಕ ಹಾಗೆ ಕೇಳಿಸಿತು.

ಗಂಡಿನ ಕಡೆಯವರು ಬರುವ ಹಿಂದಿನ ದಿನ ಜಲ್ಲಿ ಬಂತು. ಎರಡು ಟ್ರ್ಯಾಕ್ಟರ್ ಸುರಿದು ಹರವಿದರೆ ಅಂಗಳ ಚಿತ್ರದಲ್ಲಿದ್ದಂತೆಯೇ! ಮೂರನೆಯದು ಬಂದಾಗ ಒಳಗೊಳಗೇ ನಕ್ಕೆ, ಅದು ನನ್ನದು. ನಾಲ್ಕನೆಯದು ಬಂತು! ತಿರುಗಿ ನೋಡಿದರೆ ಯಜಮಾನರು ಕರೆಂಟ್ ತಂತಿಯ ಮೇಲಿನ ಗುಬ್ಬಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಏನ್ರೀ ಇದು?"

"ಕಡಿಮಿ ಬಿದ್ರ ನಿನ್ನ ಮರ್ಯಾದಿ ಹೊಕ್ಕೈತಂತ ಒಂದು ಹೇಳಿದ್ನಿ. ನಿನಗ ಹೇಳಿದ್ರ ಸಿಟ್ಟಾಗ್ತಿದ್ದಿ."

ಐದನೆಯದು ಬಂತು! ಪುಷ್ಪಲತಾ ಸೆರಗಿನ ತುದಿ ಕಚ್ಚಿಕೊಂಡಳು. "ಮಾವಾರು ಹೇಳ್ಯಾರಂತ ನನಗೇನ್ ಗೊತ್ರಿ ಅತ್ತಿ?"

ಆರನೆಯದರ ಹಿಂದೆಯೇ ಅಂಗಡಿಯಿಂದ ಮಗ ಪ್ರವೀಣಕುಮಾರನ ಫೋನ್. "ಅವ್ವಾ, ಜಲ್ಲಿ ಸಾಲದಿದ್ರ ಚಿಂತಿ ಮಾಡಬ್ಯಾಡ, ನಾನೂ ಒಂದು ಹೇಳೀನಿ!"

ಏಳನೆಯದನ್ನು ಯಾರೂ ಹೇಳಿರಲಿಲ್ಲ. ಹುಲುಗಣ್ಣ ತಲೆ ಕೆರೆದುಕೊಂಡ. "ಎಲ್ಲಾರೂ ಒಂದೊಂದು ಹೇಳ್ಯಾರ, ನಾನೊಬ್ಬನ ಸುಮ್ನಿದ್ರ ಚಂದ ಕಾಣಂಗಿಲ್ಲಂತ ಇದು ನಂದಬೇ!"

ಕಟ್ಟೆ ಮುಳುಗಿತು. ಯಜಮಾನರ ಮೊಪೆಡ್ಡಿನ ಹ್ಯಾಂಡಲ್ ಮಾತ್ರ ಕೆರೆಗಿಳಿದ ಎಮ್ಮೆಯ ಕೊಂಬಿನಂತೆ ಮೇಲೆ ಕಾಣುತ್ತಿತ್ತು. ಗೇಟು ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ! ಅರ್ಚನಾ ಗುಡ್ಡ ನೋಡಿದಳು, ನನ್ನನ್ನು ನೋಡಿದಳು, ಮಾತಾಡದೆ ಒಳಗೆ ಹೋದಳು. ಬೈದಿದ್ದರೂ ಎಷ್ಟೋ ವಾಸಿಯಿತ್ತು.

ಬೆಳಗ್ಗೆ ಪುಷ್ಪಲತಾ ಕಣಕ ನಾದುತ್ತ ಮೆತ್ತಗೆ ಕಾನೂನು ಹೊರಡಿಸಿದಳು.

"ಅತ್ತಿ, ಬರೋರು ಐದು ಮಂದಿ ಅಂತ ಫೋನ್ ಮಾಡಿ ಹೇಳ್ಯಾರ. ತಲಿಗೆರಡು ಹೋಳಿಗಿ. ಇವತ್ತ ಲೆಕ್ಕ ಅಂದ್ರ ಲೆಕ್ಕರಿ!"

ಎದುರಾಡಲು ನನಗೆ ಮುಖವೆಲ್ಲಿತ್ತು? ಹೆಚ್ಚಿನ ಹಿಡಿ ಬೇಳೆ ಡಬ್ಬಿಯಿಂದ ಮೇಲೆ ಬಂದದ್ದು ತಿರುಗಿ ಡಬ್ಬಿಗೇ ಬಿತ್ತು. ನನ್ನ ಜನ್ಮದಲ್ಲಿ ಅದೇ ಮೊದಲು!

ಹಾರ್ನ್ ಕೇಳಿಸಿತು. ಗೇಟಿನ ಮುಂದೆ ಟೆಂಪೊ. ಹುಡುಗ ಇಳಿದ, ಅಪ್ಪ ಅಮ್ಮ ಇಳಿದರು, ಮಲ್ಲಿಗೆಯ ಬುಟ್ಟಿ ಹಿಡಿದು ನಾಗಲಿಂಗಮ್ಮ ಇಳಿದಳು. ಆಮೇಲೆ ಚಿಕ್ಕಪ್ಪ, ಸೋದರತ್ತೆ, ಸೋದರತ್ತೆಯ ನಾದಿನಿ... ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು!

ಹುಡುಗನ ತಾಯಿ ನಾಚಿಕೊಂಡರು. "ಬಿಟ್ಟು ಬಂದ್ರ ಬ್ಯಾಸರ ಮಾಡ್ಕಂತಾರಂತ ನಾನೊಬ್ರಿಗೆ ಬರ್ರಿ ಅಂದಿದ್ನಿ. ನಮ್ಮ ಮನ್ಯಾಗ ಎಲ್ಲಾರೂ ಒಬ್ಬೊಬ್ರಿಗೆ ಹೇಳ್ಯಾರಂತ ಟೆಂಪೊ ಹತ್ತಿದ ಮ್ಯಾಲೆ ಗೊತ್ತಾತ್ರಿ!"

ಗೇಟು ತೆರೆಯಲಿಲ್ಲವಾದ್ದರಿಂದ ಅಂಗಳದ ಗಿಡ್ಡ ಗೋಡೆಯ ಹೊರಗೊಂದು ಕುರ್ಚಿ, ಒಳಗೊಂದು ಕುರ್ಚಿ ಇಟ್ಟೆವು. ಅರ್ಚನಾ ತಾನೇ ಮುಂದೆ ಹೋಗಿ ನಾಗಲಿಂಗಮ್ಮನ ಕೈ ಹಿಡಿದು ಜಲ್ಲಿಯ ಗುಡ್ಡ ಹತ್ತಿಸಿ, ಇಳಿಸಿ, ಒಳಗೆ ಕರೆತಂದಳು. ಆ ಮುದುಕಿ ಸೀರೆಯ ನೆರಿಗೆಯ ಧೂಳು ಕೊಡವಿಕೊಂಡಳು.

ಊಟಕ್ಕೆ ಎಲೆ ಹಾಕಿದೆವು. ಹೋಳಿಗೆ ಮೊದಲು ಒಂದೊಂದಾಯಿತು, ಒಲೆಯ ಹತ್ತಿರ ಕಣ್ಸನ್ನೆಯಾದ ಮೇಲೆ ಅರ್ಧರ್ಧವಾಯಿತು. ನಾಗಲಿಂಗಮ್ಮನ ಪಾಲಿಗೆ ಬಂದ ಅರ್ಧವನ್ನು ಮುಚ್ಚಲು ನಾನು ತುಪ್ಪದ ಮೇಲೆ ತುಪ್ಪ ಸುರಿದೆ. ಆಕೆ ಎಲೆ ನೋಡಿದಳು. ಕಿಟಕಿಯಾಚೆ ಗುಡ್ಡ ನೋಡಿದಳು.

"ಜಲ್ಲಿ ಲೆಕ್ಕ ಯಾರ್ ಹಾಕಿದ್ರಿ?"

"ನಾನರಿ."

"ಹೋಳಿಗಿ ಲೆಕ್ಕ?"

"ಅದೂ... ನಾನರಿ."

ಬಾಗಿಲ ಮರೆಯಿಂದ ಅರ್ಚನಾ ಇಣುಕಿದಳು. ನಾಗಲಿಂಗಮ್ಮ ಬೆರಳಿನ ತುಪ್ಪ ನೆಕ್ಕಿ, ನಿಧಾನಕ್ಕೆ ಬಾಯಿ ಬಿಟ್ಟಳು.

"ಹುಡುಗಿ ನಮಗ ಒಪ್ಪಿಗಿ ಐತ್ರಿ. ಅಷ್ಟು ದೊಡ್ಡ ಗುಡ್ಡದಾಗ ನನ್ನ ಕೈ ಬಿಡ್ಲಿಲ್ಲ ಆಕಿ. ಆದ್ರ ಬೀಗತಿ, ಒಂದು ಮಾತು ನಡಸಿಕೊಡ್ಬೇಕು."

"ಹೇಳ್ರಿ ಹೇಳ್ರಿ!"

"ಮದುವಿಯಾಗ ಹೋಳಿಗಿಗೆ ಜಲ್ಲಿ ಲೆಕ್ಕನ ಹಾಕ್ರಿ!"